ಮುಷ್ಕರವಾದರೆ ಟಿಕೆಟಿನ ದುಡ್ಡು ಬರುತ್ತದೆಯೆ?

ಮೊನ್ನೆ ಅಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಾಗ ಪಕ್ಕದ ಮನೆಯಾಕೆ ಬಂದಳು. ರಜೆಗೆ ಬಂದ ಮಗ ಮಸ್ಕತ್ತಿಗೆ ಮರಳಬೇಕು. ಮಂಗಳೂರಿನಿಂದ ಮುಂಬಯಿಗೆ ಒಂದು ಟಿಕೆಟು, ಮುಂದಕ್ಕೆ ಬೇರೆ ಕಂಪೆನಿಯದು ಇನ್ನೊಂದು. ಹಾಗೆ ಕೊಂಡರೆ ಅಗ್ಗವಂತೆ. "ಅಕ್ಕಾ, ನಡುವೆ ಮುಷ್ಕರ ಗಿಷ್ಕರ ಆದ್ರೆ ಎಂತ ಮಾಡೂದು?" ಎಂದಳು.

ಅವಳ ಹೆದರಿಕೆ ಸುಳ್ಳಲ್ಲ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಿಬ್ಬಂದಿ ಒಟ್ಟಿಗೇ ಕಾಯಿಲೆ ರಜೆ ಹಾಕಿದಾಗ ಹತ್ತಾರು ವಿಮಾನಗಳು ರದ್ದಾಗಿ, ಗಲ್ಫಿಗೆ ಹೊರಟವರು ನಿಲ್ದಾಣದಲ್ಲೇ ಉಳಿದಿದ್ದರು.

ನಮ್ಮ ದೇಶದ ನಿಯಮದಲ್ಲಿ, ಮೊದಲೇ ತಿಳಿಸದೆ ವಿಮಾನ ರದ್ದು ಮಾಡಿದರೆ 10,000 ರೂಪಾಯಿವರೆಗೂ ಪರಿಹಾರವುಂಟು. ಮುಷ್ಕರಕ್ಕೆ ಮಾತ್ರ ಇಲ್ಲ! ಅದು ಕಂಪೆನಿಯ ಕೈಮೀರಿದ್ದಂತೆ. ತಮ್ಮದೇ ನೌಕರರು ಮುನಿಸಿಕೊಂಡರೆ ಕೈಮೀರಿದ್ದು ಹೇಗಾಯಿತೋ ನನಗಂತೂ ತಿಳಿಯದು. ಯುರೋಪಿನ ನ್ಯಾಯಾಲಯ 2021ರಲ್ಲಿ ಇದನ್ನು ಒಪ್ಪಲಿಲ್ಲ. ಅಲ್ಲಿ ಸ್ವಂತ ನೌಕರರ ಮುಷ್ಕರಕ್ಕೂ ಪರಿಹಾರ ಕೊಡಬೇಕು.

ಇಲ್ಲಿ ಟಿಕೆಟಿನ ಹಣ ಇಲ್ಲವೆ ಬೇರೆ ವಿಮಾನ, ಎರಡರಲ್ಲೊಂದನ್ನು ಕೇಳಿ ಪಡೆಯಬಹುದು. ಕಷ್ಟವಿರುವುದು ಎರಡನೇ ಟಿಕೆಟಿಗೆ. ಬೇರೆಯಾಗಿ ಕೊಂಡಿದ್ದರೆ ಮುಂಬಯಿಯ ವಿಮಾನ ಕಾಯುವುದಿಲ್ಲ, ಅದರ ಹಣವನ್ನು ಮೊದಲಿನವರು ಕೊಡುವುದೂ ಇಲ್ಲ. ಎರಡೂ ಒಂದೇ ಟಿಕೆಟಿನಲ್ಲಿದ್ದರೆ ಮುಂದಿನ ದಾರಿ ಮಾಡಿಕೊಡುವ ಹೊಣೆ ಅವರದೇ.

ಆಕೆಯ ಮಗ ಸಂಜೆಯೇ ಟಿಕೆಟು ಬದಲಿಸಲು ಕುಂದಾಪುರಕ್ಕೆ ಹೋದ.