ಕಿರುಬೆರಳ ಉಗುರಲ್ಲಿ ಹುಟ್ಟೋ ಚುಕ್ಕಿ

ಈ ಕಿರುಬೆರಳ ಉಗುರು ನೋಡಿ. ಉದ್ದ ಬಿಟ್ಟಿರೋದು ಶೋಕಿಗಲ್ಲ, ಇದೇ ಕೆಲಸದ ಸಾಮಾನು.

ಗುಜರಾತಿನ ಕಚ್‌ನಲ್ಲಿ ಬಾಂಧನಿ, ಅಂದ್ರೆ ಗಂಟು ಕಟ್ಟಿ ಬಣ್ಣ ಹಾಕೋ ಕಲೆ. ಅದನ್ನ ಕಟ್ಟುವವರು ಬಟ್ಟೆಯನ್ನ ಈ ಉಗುರಿನ ತುದಿಯಿಂದ ಮೇಲೆತ್ತಿ, ಸಾಸಿವೆ ಕಾಳಿನಷ್ಟು ಚಿವುಟಿ ಹಿಡಿದು, ಸರಸರನೆ ನಾಲ್ಕೈದು ಸುತ್ತು ದಾರ ಬಿಗೀತಾರೆ. ದಾರ ಬಿಗಿದ ಕಡೆ ಬಣ್ಣ ಹತ್ತಲ್ಲ. ಅಲ್ಲೊಂದು ಚುಕ್ಕಿ ಉಳಿಯುತ್ತೆ.

ಕಚ್‌ನ ಭುಜ್ ಊರಿನ ಖತ್ರಿ ಸಮುದಾಯದ ಮನೆಗಳಲ್ಲಿ ಇದು ತಲೆಮಾರುಗಳ ಕಸುಬು. ಈಗಿನ ಹುಡುಗನಿಗೆ ಆರ್ಡರ್ ಬರೋದು ಫೋನಿಗೆ. ಬಣ್ಣದ ಹದ ಕಲಿತಿದ್ದು ಮಾತ್ರ ಅಪ್ಪನ ಪಕ್ಕ ನಿಂತೇ. ಆದರೆ ಒಂದು ಮಾತು. ಕ್ಯಾಮೆರಾ ಮುಂದೆ ಹೆಚ್ಚಾಗಿ ಕಾಣೋದು ಬಣ್ಣ ಹಾಕೋ ಗಂಡಸರು. ಗಂಟು ಕಟ್ಟೋದು ಬಹುಪಾಲು ಮನೆಮನೆಯ ಹೆಂಗಸರು. ನಾಲ್ಕು ಚುಕ್ಕಿಗೆ ಒಂದು ‘ಕಡಿ’. ಅವರ ಕೂಲಿ ಲೆಕ್ಕವೂ ಕಡಿಯಲ್ಲೇ.

ಬಣ್ಣ ಯಾವತ್ತೂ ತಿಳಿಯಿಂದ ಗಾಢಕ್ಕೆ. ಬಿಳಿ ಉಳಿಯಬೇಕಾದಲ್ಲಿ ಮೊದಲು ಗಂಟು, ಆಮೇಲೆ ಹಳದಿಯಲ್ಲಿ ಅದ್ದೋದು. ಹಳದಿ ಉಳಿಯಬೇಕಾದಲ್ಲಿ ಮತ್ತೆ ಗಂಟು, ಆಮೇಲೆ ಕೆಂಪು. ತಪ್ಪಾದ್ರೆ ಒರೆಸಿ ಮತ್ತೆ ಹಾಕೋಕೆ ಇದೇನು ರಂಗೋಲಿ ಅಲ್ಲ!

ಈಗ ಸೌಂಡ್ ಜೋರು ಮಾಡಿ. ಒಣಗಿದ ಬಟ್ಟೆಯನ್ನ ಎರಡೂ ಕಡೆ ಹಿಡಿದು ಜಗ್ಗಿದ್ರೆ... ಪಟಪಟಪಟ! ದಾರವೆಲ್ಲ ಬಿಚ್ಚಿ ಉದುರುತ್ತೆ.

ಕೊಳ್ಳುವಾಗ ಮುಟ್ಟಿ ನೋಡಿ. ಅಸಲಿಯಲ್ಲಿ ಚುಕ್ಕಿ ಉಬ್ಬಿರುತ್ತೆ, ಬಟ್ಟೆ ಸುಕ್ಕುಸುಕ್ಕು. ಪ್ರಿಂಟ್ ಆದ್ರೆ ಸಪಾಟು. ಕೆಲವು ಅಂಗಡಿಗಳಲ್ಲಿ ಗಂಟು ಬಿಚ್ಚದೇನೇ ಮಾರ್ತಾರೆ, ಗಿರಾಕಿಗೆ ನಂಬಿಕೆ ಬರಲಿ ಅಂತ. ಆ ಸುಕ್ಕು ನೋಡಿ ಇಸ್ತ್ರಿಗೆ ಮಾತ್ರ ಕೊಟ್ಟುಬಿಡಬೇಡಿ, ಮಾರಾಯ್ರೆ.