ಲೇಖಕನ ಕುರುಡು ಚುಕ್ಕೆ

ನಮ್ಮ ಕಣ್ಣಿನಲ್ಲಿ ದೃಷ್ಟಿನರ ಹೊರಡುವ ಜಾಗಕ್ಕೆ ಏನೂ ಕಾಣದು. ಆ ಖಾಲಿಯನ್ನು ಮಿದುಳೇ ತುಂಬಿಕೊಳ್ಳುತ್ತದೆ. ತನ್ನ ಕರಡನ್ನು ತಾನೇ ತಿದ್ದುವ ಕಾದಂಬರಿಕಾರನ ಪಾಡೂ ಇದೇ. ಬರೆಯದೆ ಬಿಟ್ಟದ್ದನ್ನೂ ಅವನು ಓದಿಕೊಂಡು ಹೋಗುತ್ತಾನೆ.

ಅಮೆರಿಕದ ಸ್ಕಾಟ್ ಫಿಟ್ಸ್‌ಜೆರಾಲ್ಡ್ 1924ರಲ್ಲಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಹಸ್ತಪ್ರತಿ ಕಳಿಸಿದಾಗ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಮನಸಾರೆ ಮೆಚ್ಚಿದರು. ಆದರೆ ನಾಯಕನ ಚಹರೆ ಮಸುಕಾಗಿದೆ, ಅವನಿಗೆ ಹಣ ಬಂದದ್ದು ಹೇಗೆಂದೂ ತಿಳಿಯದು ಎಂದರು. ಫಿಟ್ಸ್‌ಜೆರಾಲ್ಡರ ಉತ್ತರ ಸ್ವಾರಸ್ಯಕರ: ಗ್ಯಾಟ್ಸ್‌ಬಿ ನೋಡಲು ಹೇಗಿದ್ದಾನೆ, ಮಾಡುವುದೇನು ಎಂಬುದು ತನಗೇ ಗೊತ್ತಿರಲಿಲ್ಲವಂತೆ! ನಿಗೂಢತೆಯ ವೇಷ ಹಾಕಿದ್ದು ಬರೀ ಅಸ್ಪಷ್ಟತೆ. (ಹೀಗೆ ಪಾರಾಗುವ ಲೇಖಕರು ಕಡಿಮೆಯೇನಲ್ಲ.) ಫಿಟ್ಸ್‌ಜೆರಾಲ್ಡ್ ಪಾರಾಗಲು ನೋಡಲಿಲ್ಲ. ರೋಮ್‌ನಲ್ಲಿ ಕುಳಿತು ಅಚ್ಚಿನ ಕರಡಿನ ಮೇಲೆಯೇ ಅಧ್ಯಾಯಗಳನ್ನು ತಿದ್ದಿ, 1925ರ ಏಪ್ರಿಲ್‌ನಲ್ಲಿ ಪುಸ್ತಕ ಹೊರಬರುವ ಮುನ್ನ, ಕೊನೆಯಲ್ಲಿ ರಾಶಿಬಿದ್ದಿದ್ದ ನಾಯಕನ ಪೂರ್ವಕಥೆಯನ್ನು ಹಿಂದಿನ ಪುಟಗಳಿಗೆ ಹಂಚಿದರು.