ಗೋಕಾಕದ ಬಂಡೆಯೊಳಗೆ ಕಡಲಿನ ತಳ

ಗೋಕಾಕ ಸೀಮೆಯ ಕೌಜಲಗಿಯ ಎರೆಭೂಮಿಗೂ ಅರಬ್ಬಿ ಸಮುದ್ರಕ್ಕೂ ನೂರು ಕಿಲೋಮೀಟರಿಗಿಂತ ಹೆಚ್ಚು ಅಂತರ. ಆದರೂ ಕೊಲ್ಲಿಯ ತಳದಲ್ಲಿ ಹೂಳು ಹೇಗೆ ಪದರಗಟ್ಟುತ್ತದೆ ಎಂದು ತಿಳಿಯಲು ಈ ಸೀಮೆಯವರು ಕಾರವಾರದವರೆಗೆ ಹೋಗಬೇಕಾಗಿಲ್ಲ. ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕುವ ಗೋಕಾಕದ ಕಮರಿಯಲ್ಲಿ ಮರಳುಗಲ್ಲು ಪದರ ಪದರವಾಗಿ ತೆರೆದುಕೊಂಡಿದೆ. ಇದು ಕಲಾದಗಿ ಶಿಲಾಸಮೂಹ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ಈ ಭಾಗದ ಕಲ್ಲುಗಳ ವಿವರ ಪ್ರಕಟಿಸಿದ್ದರು. ಈ ಕಲ್ಲುಗಳ ವಯಸ್ಸು ಸುಮಾರು ನೂರು ಕೋಟಿ ವರ್ಷ. ಆಗ ಮರವೂ ಇರಲಿಲ್ಲ, ಮೀನೂ ಇರಲಿಲ್ಲ.

ಹೂಳು ಸುಮ್ಮನೆ ಬಂದು ಬಿದ್ದರೆ ಪದರ ಆಗದು. ಒಂದೇ ಬಗೆಯ ಕಣ ಒಂದೇ ವೇಗದಲ್ಲಿ ಕೂತರೆ ದಪ್ಪ ಮುದ್ದೆಯಾದೀತು, ಅಷ್ಟೆ. ಪದರ ಮೂಡಬೇಕಾದರೆ ನೀರಿನ ಬಲ ಏರಿಳಿಯಬೇಕು. ಮಳೆಗಾಲದ ನದಿ ಕೊಲ್ಲಿಗೆ ರಾಡಿ ಸುರಿದಾಗ ದಪ್ಪ ಮರಳು ಮೊದಲು ಕೂರುತ್ತದೆ. ಸಣ್ಣ ಕಣಗಳ ಕಥೆ ಬೇರೆ: ಗಾತ್ರ ಹತ್ತು ಪಟ್ಟು ಕಿರಿದಾದರೆ ಇಳಿಯುವ ವೇಗ ನೂರು ಪಟ್ಟು ತಗ್ಗುತ್ತದೆ. ಜೇಡಿಯಂತೂ ಸಿಹಿನೀರಿನಲ್ಲಿ ದಿನಗಟ್ಟಲೆ ತೇಲೀತು; ಉಪ್ಪುನೀರು ತಗುಲಿದೊಡನೆ, ಪಟಿಕ ಆಡಿಸಿದ ಕೊಡದ ನೀರಿನಲ್ಲಿ ಆಗುವಂತೆ, ಕಣಗಳು ಅಂಟಿಕೊಂಡು ತಳ ಸೇರುತ್ತವೆ. ಮರಳಿನ ಮೇಲೆ ಜೇಡಿ, ಮತ್ತೆ ಅಲೆ ಜೋರಾದಾಗ ಜೇಡಿಯ ಮೇಲೆ ಮರಳು.

ನದಿಯೂ ಮರಳು ಹಾಸುತ್ತದಲ್ಲ, ಇಲ್ಲಿ ಕಡಲೇ ಇತ್ತೆಂದು ಹೇಗೆ ನಂಬುವುದು? ಈ ಪ್ರಶ್ನೆ ನ್ಯಾಯವಾದದ್ದು. ಕಲಾದಗಿಯ ಕೆಲವು ಮರಳುಗಲ್ಲು ನಿಜಕ್ಕೂ ನದಿ ಹಾಸಿದ್ದೇ. ಆದರೆ ಒಂದೇ ದಿಕ್ಕಿಗೆ ಹರಿಯುವ ನೀರು ಮೂಡಿಸುವ ಅಲೆಗುರುತಿಗೆ ಒಂದು ಬದಿ ಕಡಿದು, ಇನ್ನೊಂದು ಬದಿ ಇಳಿಜಾರು. ಹಿಂದೆಮುಂದೆ ತೂಗುವ ಅಲೆಯದಕ್ಕೆ ಎರಡು ಬದಿಯೂ ಸಮ. ಕಲ್ಲಿನ ಮೇಲೆ ಬೆರಳಾಡಿಸಿದರೂ ಈ ವ್ಯತ್ಯಾಸ ತಿಳಿಯುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷ್ಯ ಪೂರ್ವದ ಬಾಗಲಕೋಟೆಯ ಕಡೆ ಇದೆ. ಅದೇ ಶಿಲಾಸಮೂಹದ ಸುಣ್ಣಕಲ್ಲು, ಡಾಲೊಮೈಟ್‌ಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಾಟೊಲೈಟ್‌ಗಳಿವೆ. ಆ ಜೀವಿಗಳಿಗೆ ಬಿಸಿಲು ಬೇಕು. ಅಂದರೆ ಅಲ್ಲಿದ್ದದ್ದು ಆಳವಿಲ್ಲದ ಕಡಲ ನೀರು.

ಹಾಗಾದರೆ ಪದರ ಎಣಿಸಿ ವರ್ಷ ಲೆಕ್ಕ ಹಾಕಬಹುದೇ? ಆಗದು. ಗೇಣುದ್ದದ ಮರಳು ಒಂದೇ ಬಿರುಗಾಳಿಯ ಕೆಲವು ಗಂಟೆಗಳ ಕೆಲಸವಿರಬಹುದು. ಅದರ ಮೇಲಿನ ಕೂದಲೆಳೆಯಂಥ ಗೆರೆಯಲ್ಲಿ ಸಾವಿರಾರು ವರ್ಷ ಅಡಗಿರಬಹುದು, ಕೂತ ಹೂಳನ್ನು ಅಲೆಯೇ ಕೊಚ್ಚಿ ಒಯ್ದಿರಲೂಬಹುದು. ಕಾಲ ಬೇಕೆಂದರೆ ಮರಳಿನೊಳಗಿನ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆಯಬೇಕು. ಅದೂ ಹರಳು ಹುಟ್ಟಿದ ಕಾಲವನ್ನಷ್ಟೇ ಹೇಳುತ್ತದೆ. ಪದರ ಕೂತದ್ದು ಅದರ ನಂತರ.